ಕಡಲಿನ ಕೆಂಪಿಗೆ ಬೆಳಕು ಹೊತ್ತವರು

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಕಡೆ ಹೊರಟರೆ ರಸ್ತೆ ಬದಿಯ ದರೆಯೆಲ್ಲ ಕೆಂಪು. ಆಷಾಢದ ಮಳೆ ಹಿಡಿಯಿತೆಂದರೆ ಹಳ್ಳದ ನೀರೂ ಕೆಂಪು. ಮೇಲಿನ ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲಕ್ಕೆ ರೋಪ್‌ವೇ ಮೇಲೆ ಬೆಟ್ಟವಿಳಿದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರುತ್ತಿತ್ತು. ಈ ಮಣ್ಣಿನಲ್ಲಿ ಬೆಳೆದವರಿಗೆ, ಕಡಲಿಗಿಳಿದರೆ ಮೊದಲು ಮಾಯವಾಗುವ ಬಣ್ಣ ಕೆಂಪೇ ಎಂದರೆ ನಂಬಲು ಮನಸ್ಸಾಗುವುದಿಲ್ಲ. ಆದರೆ ನಡೆಯುವುದು ಅದೇ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಬಿಸಿಲಿನಲ್ಲಿದ್ದ ಕೆಂಪಿನ ಬಹುಪಾಲನ್ನು ನೀರು ಹೀರಿಕೊಂಡಿರುತ್ತದೆ. ಇನ್ನೂ ಇಳಿದರೆ ಕಿತ್ತಳೆ ಹೋಗುತ್ತದೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ನೀಲಿ ಮತ್ತು ಹಸಿರು. ಫ್ರಾನ್ಸಿನ ಕಡಲ ಅನ್ವೇಷಕ ಜಾಕ್ ಕೂಸ್ಟೋ ಅವರ ಒಡನಾಡಿ ಫ್ರೆಡೆರಿಕ್ ಡ್ಯೂಮಾ ಆಳದಲ್ಲಿ ಮೀನೊಂದಕ್ಕೆ ಈಟಿ ಚುಚ್ಚಿದಾಗ ಗಾಯದಿಂದ ಹೊಮ್ಮಿದ್ದು ಹಸಿರು ರಕ್ತ. ಮೇಲೆ ತರುತ್ತ ಬಂದಂತೆ ಅದು ಕಂದಾಯಿತು, ಗುಲಾಬಿಯಾಯಿತು, ನೀರಿನಿಂದಾಚೆ ಬಂದ ಮೇಲಷ್ಟೇ ಕೆಂಪಾಯಿತು.

ಹಾಗಾದರೆ ಕಡಲ ತಳದ ಕೆಂಪು ಮೀನನ್ನು ಕೆಂಪಾಗಿಯೇ ಫೋಟೊದಲ್ಲಿ ಹಿಡಿಯುವುದು ಹೇಗೆ? ಬೆಳಕನ್ನು ಅದರ ಬಳಿಗೇ ಹೊತ್ತೊಯ್ಯಬೇಕು, ಬೇರೆ ದಾರಿಯಿಲ್ಲ. ಇವತ್ತು ನೀರೊಳಗಿನ ಛಾಯಾಗ್ರಾಹಕರು ಕ್ಯಾಮೆರಾದ ಎರಡೂ ಬದಿಗೆ ಕೋಲು ಚಾಚಿ ಸಿಕ್ಕಿಸಿಕೊಳ್ಳುವ ಸ್ಟ್ರೋಬ್ ದೀಪಗಳು ಹುಟ್ಟಿದ್ದು ಆ ಹಟದಿಂದ.

ನಾನು ಈ ದೀಪಗಳ ಬೆನ್ನು ಹತ್ತುವಂತೆ ಮಾಡಿದ್ದು ಸ್ಕಾಟ್ಲೆಂಡಿನ ನೆಸ್ ಸರೋವರದ ಒಂದು ಫೋಟೊ. 1972ರ ಆಗಸ್ಟ್‌ನಲ್ಲಿ ತೆಗೆದದ್ದು. ಕಪ್ಪು ನೀರಿನ ನಡುವೆ ವಜ್ರಾಕೃತಿಯ ಒಂದು ದೊಡ್ಡ ಈಜುರೆಕ್ಕೆ, ನಡುವೆ ಒಂದು ನರದ ಗೀಟು. ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚು ಹಾಕಿದವು. ಆ ರೆಕ್ಕೆಯ ಮೇಲೆ ಬಿದ್ದ ಬೆಳಕು ಒಬ್ಬ ಎಂಜಿನಿಯರ್ ಜೀವಮಾನವಿಡೀ ಕೂತು ತಿದ್ದಿ ಮಾಡಿದ ಬೆಳಕು. ಆ ಫೋಟೊ ಎಬ್ಬಿಸಿದ ಜಗಳಕ್ಕೆ ಬರುವ ಮೊದಲು ಬೆಳಕು ನೀರಿಗಿಳಿದ ದಾರಿಯನ್ನು ನೋಡಬೇಕು.

ನೀರೊಳಗಿನ ಮೊದಲ ಫೋಟೊಗೆ ಯಾವ ದೀಪವೂ ಇರಲಿಲ್ಲ. 1856ರಲ್ಲಿ ಇಂಗ್ಲೆಂಡಿನ ವೇಮತ್ ಬಳಿ ವಿಲಿಯಂ ಥಾಂಪ್ಸನ್ ಒಂದು ಕ್ಯಾಮೆರಾ ಪೆಟ್ಟಿಗೆಯನ್ನು ನೀರಿಗಿಳಿಸಿ ಮಸುಕು ಮಸುಕಾದ ಚಿತ್ರ ಪಡೆದ, ಅಷ್ಟೆ. ದೀಪದ ಕಥೆ ಶುರುವಾಗುವುದು 1893ರಲ್ಲಿ, ಫ್ರಾನ್ಸಿನ ದಕ್ಷಿಣ ಕರಾವಳಿಯ ಬಾನ್ಯುಲ್ಸ್ ಎಂಬ ಊರಿನ ಕಡಲ ಪ್ರಯೋಗಾಲಯದಲ್ಲಿ. ಲೂಯಿ ಬೂತಾನ್ ಎಂಬ ಪ್ರಾಣಿವಿಜ್ಞಾನಿ ಅಲ್ಲಿ ಹಿತ್ತಾಳೆಯ ಶಿರಸ್ತ್ರಾಣ ತೊಟ್ಟು ಮುಳುಗುತ್ತಿದ್ದ. ತಳದಲ್ಲಿ ಕಂಡದ್ದನ್ನು ಮೇಲಿದ್ದವರಿಗೆ ಮಾತಿನಲ್ಲಿ ಹೇಳಿ ಸಾಕಾಗಿ ಅಣ್ಣತಮ್ಮಂದಿರಲ್ಲೊಬ್ಬನಾದ ಒಗ್ಯುಸ್ತನ ಕೈಯಲ್ಲಿ ನೀರು ಹೊಗದ ಕ್ಯಾಮೆರಾ ಮಾಡಿಸಿದ. ಬಿಸಿಲನ್ನೇ ನಂಬಿದರೆ ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕಾಯಬೇಕಿತ್ತು. ಅಷ್ಟು ಹೊತ್ತು ಯಾವ ಮೀನು ನಿಂತೀತು?

ಅವನ ಉಪಾಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ದೊಡ್ಡ ಮರದ ಪೀಪಾಯಿ, ಅದರ ತುಂಬ ಆಮ್ಲಜನಕ. ಪೀಪಾಯಿಯ ನೆತ್ತಿಯ ಮೇಲೆ ಉರಿಯುವ ಸ್ಪಿರಿಟ್ ದೀಪ, ದೀಪದ ಮೇಲೆ ಕವುಚಿದ ಗಾಜಿನ ಗಂಟೆ. ಪಕ್ಕದಲ್ಲೊಂದು ರಬ್ಬರ್ ಬುರುಡೆ. ಅದನ್ನು ಅದುಮಿದರೆ ಮೆಗ್ನೀಸಿಯಂ ಪುಡಿ ಜ್ವಾಲೆಗೆ ಹಾರಿ ಭಗ್ಗೆಂದು ಹೊತ್ತಿಕೊಳ್ಳಬೇಕು. ಇದೆಲ್ಲವನ್ನೂ ಭಾರ ಕಟ್ಟಿ ಕಡಲ ತಳಕ್ಕೆ ಇಳಿಸಬೇಕು! ಇದಕ್ಕೂ ಮುಂಚೆ ಶೋಫೂರ್ ಎಂಬ ವಿದ್ಯುತ್ ಎಂಜಿನಿಯರ್ ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ಮೆಗ್ನೀಸಿಯಂ ಸುರುಳಿ ಇಟ್ಟು ವಿದ್ಯುತ್ತಿನಿಂದ ಹೊತ್ತಿಸುವ ಬಲ್ಬೊಂದನ್ನು ಮಾಡಿಕೊಟ್ಟಿದ್ದ. ಅದು ಆಗಾಗ ಸಿಡಿದು ಚೂರಾಗುತ್ತಿತ್ತು. ನೆಲದ ಮೇಲಿನ ಛಾಯಾಗ್ರಾಹಕರಿಗೆ ಫ್ಲ್ಯಾಶ್ ಬಲ್ಬ್ ಅಂಗಡಿಯಲ್ಲಿ ಸಿಕ್ಕಿದ್ದು 1929ರ ಹೊತ್ತಿಗೆ. ಅದಕ್ಕೂ ಮೂವತ್ತಾರು ವರ್ಷ ಮೊದಲೇ ಅದರ ಪೂರ್ವಜ ಕಡಲಿಗಾಗಿ ಹುಟ್ಟಿತ್ತು ಎಂಬುದನ್ನು ಛಾಯಾಗ್ರಹಣದ ಎಷ್ಟೋ ಚರಿತ್ರೆಗಳು ಹೇಳದೆ ಮುಂದೆ ಹೋಗುತ್ತವೆ. ಅದು ಬೂತಾನನಿಗೂ ಶೋಫೂರನಿಗೂ ಮಾಡಿದ ಅನ್ಯಾಯ. 1899ರಲ್ಲಿ ಬೂತಾನ್ ಆರ್ಕ್ ದೀಪಗಳನ್ನು ಇಳಿಸಿ ಐವತ್ತು ಮೀಟರ್ ಆಳದಲ್ಲೂ ಚಿತ್ರ ತೆಗೆದ. ಅದೇ ವರ್ಷ ರೊಮೇನಿಯಾದ ಎಮಿಲ್ ರಾಕೊವಿತ್ಸಾ ಎಂಬ ಜೀವವಿಜ್ಞಾನಿಯನ್ನು ನೀರೊಳಗೇ ನಿಲ್ಲಿಸಿ ತೆಗೆದ ಫೋಟೊ ಇಂದಿಗೂ ಉಳಿದಿದೆ.

ಆಮೇಲಿನ ಕಾಲು ಶತಮಾನದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬಣ್ಣ ಬಂದದ್ದು 1926ರಲ್ಲಿ, ಫ್ಲಾರಿಡಾ ತುದಿಯ ಡ್ರೈ ಟಾರ್ಟುಗಾಸ್ ದ್ವೀಪಗಳಲ್ಲಿ. ವಿಲಿಯಂ ಲಾಂಗ್ಲಿ ಮೀನುಗಳ ಬಣ್ಣದ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಪ್ರಾಧ್ಯಾಪಕ. ಚಾರ್ಲ್ಸ್ ಮಾರ್ಟಿನ್ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಪ್ರಯೋಗಾಲಯದ ಮುಖ್ಯಸ್ಥ. ಆಗಿನ ಬಣ್ಣದ ಗಾಜಿನ ಫಲಕಗಳು ಮಹಾ ಮಂದ. ಅವಕ್ಕೆ ಬೆಳಕು ಎಷ್ಟಿದ್ದರೂ ಸಾಲದು. ಇಬ್ಬರೂ ಒಂದು ತೆಪ್ಪ ತೇಲಿಬಿಟ್ಟು ಅದರ ಮೇಲೆ ಅರ್ಧ ಕಿಲೋಗೆ ಸಮೀಪದಷ್ಟು ಮೆಗ್ನೀಸಿಯಂ ಪುಡಿ ಸುರಿದು, ಕೆಳಗೆ ಶಿರಸ್ತ್ರಾಣ ತೊಟ್ಟವನು ಕ್ಯಾಮೆರಾ ಒತ್ತಿದಾಗ ಮೇಲಿನ ಪುಡಿ ಸಿಡಿಯುವಂತೆ ತಂತಿ ಎಳೆದರು. ಒಮ್ಮೆ ಪುಡಿ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಲಾಂಗ್ಲಿ ಸುಟ್ಟ ಗಾಯಗಳಿಂದ ಮಲಗಬೇಕಾಯಿತು. ಎದ್ದವನು ಮತ್ತೆ ನೀರಿಗಿಳಿದ. 1927ರ ಜನವರಿ ಸಂಚಿಕೆಯಲ್ಲಿ ಹಾಗ್‌ಫಿಶ್ ಎಂಬ ಮೀನಿನ ಚಿತ್ರ ಬಂತು. ಕಡಲೊಳಗಿನ ಮೊದಲ ಬಣ್ಣದ ಫೋಟೊಗಳಲ್ಲಿ ಅದೊಂದು. ಒಂದು ಮೀನಿನ ನಿಜ ಬಣ್ಣಕ್ಕಾಗಿ ಮೈ ಸುಟ್ಟುಕೊಂಡ ಲಾಂಗ್ಲಿಯ ಬಗ್ಗೆ ನನಗೆ ಅಪಾರ ಗೌರವ.

ಮುಂದೆ ಬಲ್ಬುಗಳ ಕಾಲ. ಒಂದು ಚಿತ್ರಕ್ಕೆ ಒಂದು ಬಲ್ಬು. ಸುಟ್ಟದ್ದನ್ನು ಕಳಚಿ ಹೊಸದನ್ನು ಸಿಕ್ಕಿಸಬೇಕು, ಕೈತಪ್ಪಿದರೆ ಅದು ಮೇಲಕ್ಕೆ ತೇಲಿ ಹೋಗುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದು ಈ ಗೋಳು ತಪ್ಪಿತು. ಅಲ್ಲಿಗೆ ಬರುತ್ತಾನೆ ನನ್ನ ಮೆಚ್ಚಿನ ಹೆರಾಲ್ಡ್ ಎಡ್ಜರ್ಟನ್.

1903ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹುಟ್ಟಿದ ಈತ ಕಡಲಿನವನಲ್ಲ, ಮೋಟರುಗಳವನು. ಬಾಸ್ಟನ್ ಸೀಮೆಯ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಮಿಣುಕುವ ಬೆಳಕಿನ ಲಯ ತಿರುಗುವ ಮೋಟರಿನ ಲಯಕ್ಕೆ ಕೂಡಿದಾಗ ಮೋಟರು ನಿಂತಂತೆ ಕಾಣುವುದನ್ನು ಗಮನಿಸಿದ. 1931ರ ಹೊತ್ತಿಗೆ ಆ ಮಿಣುಕನ್ನು ಬೇಕೆಂದಾಗ, ಬೇಕಾದಷ್ಟೇ ಹೊತ್ತು ಹೊಮ್ಮಿಸುವ ಸಾಧನ ಅವನ ಕೈಯಲ್ಲಿತ್ತು. ಒಳಗಿನ ಕೆಲಸ ಸರಳ. ಕೆಪಾಸಿಟರ್ ಒಂದರಲ್ಲಿ ವಿದ್ಯುತ್ತನ್ನು ನಿಧಾನವಾಗಿ ತುಂಬಿಸಿ, ಕ್ಸೆನಾನ್‌ನಂಥ ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ಒಮ್ಮೆಲೇ ಹರಿಯಬಿಟ್ಟರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಬಿಸಿಲಿನಂಥ ಬಿಳಿ ಬೆಳಕು ಹೊಮ್ಮುತ್ತದೆ. ಹಾಲಿನ ಹನಿ ಬಿದ್ದು ಕಿರೀಟವಾಗಿ ಎದ್ದ ಚಿತ್ರ, ಸೇಬನ್ನು ಸೀಳಿ ಹೊರಟ ಗುಂಡಿನ ಚಿತ್ರ ನೋಡಿದವರೆಲ್ಲ ಈತನನ್ನು ಬಲ್ಲವರೇ.

1953ರಲ್ಲಿ ಎಡ್ಜರ್ಟನ್ ಕೂಸ್ಟೋನ ಕ್ಯಾಲಿಪ್ಸೊ ಹಡಗು ಹತ್ತಿದ. ನಾವಿಕರು ಅವನನ್ನು ಪಾಪಾ ಫ್ಲ್ಯಾಶ್ ಎಂದು ಕರೆದರು. ಆಳದ ಒತ್ತಡಕ್ಕೆ ಗಾಜು ಒಡೆಯದಂತೆ ದಪ್ಪ ಲೋಹದ ಸಿಲಿಂಡರಿನೊಳಗೆ ಕ್ಯಾಮೆರಾ, ಇನ್ನೊಂದರೊಳಗೆ ಫ್ಲ್ಯಾಶ್. ಇವೆರಡನ್ನೂ ಕೆಳಗಿಳಿಸಿದರೂ ತಳ ಎಷ್ಟು ದೂರವಿದೆ ಎಂಬುದು ಮೇಲಿದ್ದವರಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಕ್ಯಾಮೆರಾದ ಜೊತೆಗೇ ಟಿಕ್ ಟಿಕ್ ಎಂದು ಸದ್ದು ಹೊರಡಿಸುವ ಪಿಂಗರ್ ಕಟ್ಟಿದ. ಅದರ ನೇರ ಸದ್ದಿಗೂ ತಳಕ್ಕೆ ಬಡಿದು ಬಂದ ಪ್ರತಿಧ್ವನಿಗೂ ಇರುವ ಅಂತರದಿಂದ ದೂರ ಗೊತ್ತಾಗುತ್ತಿತ್ತು. 1956ರಲ್ಲಿ ಅಟ್ಲಾಂಟಿಕ್‌ನ ರೊಮಾಂಶ್ ಕಂದಕದಲ್ಲಿ ಕ್ಯಾಲಿಪ್ಸೊ ನೈಲಾನ್ ಹಗ್ಗದಿಂದ ಲಂಗರು ಹಾಕಿ ನಿಂತಿತು. ಸುಮಾರು 7,500 ಮೀಟರ್ ಆಳದಲ್ಲಿ ಎಡ್ಜರ್ಟನ್‌ನ ಫ್ಲ್ಯಾಶ್ ಮಿಂಚಿತು. ಬಿಸಿಲು ಎಂದೂ ಮುಟ್ಟದ ನೆಲದ ಮೇಲೆ ಮನುಷ್ಯ ಒಯ್ದ ಬೆಳಕು ಬಿತ್ತು. ಚಂದ್ರನ ಮೇಲೆ ಕಾಲಿಟ್ಟದ್ದನ್ನು ಪಾಠದಲ್ಲಿ ಓದುವ ನಮ್ಮ ಮಕ್ಕಳು ಇದನ್ನೂ ಓದಬೇಕು.

ಈಗ ನೆಸ್ ಸರೋವರಕ್ಕೆ ಬರೋಣ. ಅಮೆರಿಕದ ವಕೀಲ ರಾಬರ್ಟ್ ರೈನ್ಸ್‌ಗೆ ಅಲ್ಲಿ ದೊಡ್ಡ ಪ್ರಾಣಿಯೊಂದಿದೆ ಎಂಬ ದೃಢ ನಂಬಿಕೆ. ಅವನ ತಂಡ ಎಡ್ಜರ್ಟನ್‌ನ ಸ್ಟ್ರೋಬ್ ಕ್ಯಾಮೆರಾವನ್ನೂ ಸೋನಾರನ್ನೂ ಆ ಸರೋವರಕ್ಕಿಳಿಸಿತು. ಸ್ಟ್ರೋಬ್ ನಿಗದಿತ ಅಂತರಕ್ಕೊಮ್ಮೆ ತಾನಾಗಿಯೇ ಮಿಂಚುತ್ತಿತ್ತು. ಆದರೆ ನೆಸ್ ಎಂದರೆ ಸುತ್ತಲ ಜೌಗಿನಿಂದ ಕೊಳೆತ ಸಸ್ಯದ ಕಣಗಳು ಹರಿದು ಬಂದು ಸೇರುವ ಕಂದು ನೀರು. ಕೆಲವೇ ಮೀಟರ್ ಆಚೆಗೆ ಕಣ್ಣು ಹೋಗದು. ಅಂಥ ನೀರಿಗೆ ಫ್ಲ್ಯಾಶ್ ಹಾಕುವುದೆಂದರೆ ಹೊಟ್ಟು ಹಾರುತ್ತಿರುವ ಕಣದಲ್ಲಿ ಟಾರ್ಚ್ ಬಿಟ್ಟಂತೆ. ಎದುರಿನ ವಸ್ತುವಿಗಿಂತ ಮೊದಲು ಹೊಟ್ಟೇ ಹೊಳೆಯುತ್ತದೆ. 1972ರ ಆ ರಾತ್ರಿಯ ಫಿಲಂನಲ್ಲಿ ಇದ್ದದ್ದೂ ಬಹುಪಾಲು ಮಬ್ಬು. ಅದನ್ನು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಕಂಪ್ಯೂಟರಿಗೆ ಹಾಕಿ ಸ್ಪಷ್ಟಗೊಳಿಸಿದರು. 1975ರ ಡಿಸೆಂಬರಿನಲ್ಲಿ ಹೆಸರಾಂತ ಪಕ್ಷಿತಜ್ಞ ಪೀಟರ್ ಸ್ಕಾಟ್ ಮತ್ತು ರೈನ್ಸ್ ಸೇರಿ ನೇಚರ್ ಪತ್ರಿಕೆಯಲ್ಲಿ ಆ ಪ್ರಾಣಿಗೆ ವೈಜ್ಞಾನಿಕ ಹೆಸರನ್ನೇ ಇಟ್ಟುಬಿಟ್ಟರು!

ಹತ್ತು ವರ್ಷ ಕಳೆಯುವಷ್ಟರಲ್ಲಿ ತಕರಾರು ಎದ್ದಿತು. ಪ್ರಯೋಗಾಲಯದಿಂದ ಬಂದ ಪ್ರತಿಯಲ್ಲಿ ರೆಕ್ಕೆಯ ಅಂಚು ಅಷ್ಟು ಖಚಿತವಾಗಿಲ್ಲ, ಪತ್ರಿಕೆಗಳಲ್ಲಿ ಬಂದದ್ದರ ಮೇಲೆ ನಡುವೆ ಯಾರದೋ ಕೈ ಆಡಿದೆ ಎಂದು ವಿಮರ್ಶಕರು ಬರೆದರು. ರೈನ್ಸ್ ಕಡೆಯವರು ಒಪ್ಪಲಿಲ್ಲ. 1975ರಲ್ಲಿ ಪ್ರಾಣಿಯ ತಲೆ ಎಂದು ತೋರಿಸಿದ ಇನ್ನೊಂದು ಚಿತ್ರ ಮರದ ಬೊಡ್ಡೆಯದಿರಬೇಕು ಎಂಬ ಅಭಿಪ್ರಾಯ ಮುಂದೆ ಬಲವಾಯಿತು. ಯಾರು ತಿದ್ದಿದರು ಎಂಬುದಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಫ್ಲ್ಯಾಶ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತ್ತು. ಅಲ್ಲಿದ್ದ ಕೆಸರನ್ನು ಕೆಸರಾಗಿ ತೋರಿಸಿತ್ತು. ಬೆಳಕು ಮುಟ್ಟದ ಕಡೆಯಿಂದ ವಿವರ ಹೆಕ್ಕಲು ಹೊರಟಾಗಲೇ ಚಿತ್ರ ಕೆಟ್ಟದ್ದು.

ಲಿಂಗದಹಳ್ಳಿಗೆ ಕಡಲು ದೂರ. ಆದರೆ ಎಡ್ಜರ್ಟನ್‌ನ ಬೆಳಕು ಊರ ಪಕ್ಕದ ಭದ್ರಾ ಕಾಡಿಗೂ ಬಂದಿದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಶುರು ಮಾಡಿ ಭದ್ರಾದಲ್ಲೂ ಬಳಸಿದ ಕ್ಯಾಮೆರಾ ಟ್ರ್ಯಾಪ್‌ಗಳ ಫ್ಲ್ಯಾಶ್ ಇದೇ ಕುಲದ್ದು. ಹುಲಿ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಹುಲಿ ನಡುವೆ ಬಂದಾಗ ಬೆಳಕು ಮಿಂಚಿ ಎರಡೂ ಮೈಯ ಪಟ್ಟೆ ಅಚ್ಚಾಗುತ್ತದೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲವಾದ್ದರಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಲೆಕ್ಕ ಹಾಕಬಹುದು. ಆ ಕ್ಷಣದ ಬೆಳಕಿನಲ್ಲಿ ಸಿಕ್ಕದ ಪಟ್ಟೆಯನ್ನು ಆಮೇಲೆ ಯಾರೂ ಊಹಿಸಿ ಬರೆಯುವುದಿಲ್ಲ. ಬರೆದರೆ ಲೆಕ್ಕವೇ ಸುಳ್ಳಾಗುತ್ತದೆ. ಕಾಡಿನಲ್ಲಿ ನಾವು ಒಪ್ಪಿಕೊಂಡ ಈ ಶಿಸ್ತನ್ನು ಕಡಲಿನಲ್ಲಿ ಬಿಟ್ಟುಕೊಡುತ್ತಿದ್ದೇವೆ.

ನಮ್ಮ ಕಡಲು ಎಂದಾಗ ಕಣ್ಣಿಗೆ ಬರುವುದು ನೇತ್ರಾಣಿ. ಮುರ್ಡೇಶ್ವರದಿಂದ ಹತ್ತು ನಾಟಿಕಲ್ ಮೈಲಿ ಆಚೆ, ಭಟ್ಕಳ ತಾಲ್ಲೂಕಿಗೆ ಸೇರಿದ ದ್ವೀಪ. ಸುತ್ತ ಹವಳ, ಚಿಟ್ಟೆಮೀನು, ಗಿಳಿಮೀನು, ಮುರು ಮೀನು. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಮಳೆ ಮುಗಿದು ನೀರು ತಿಳಿಯಾದ ಮೇಲೆ ಸ್ಕೂಬಾದವರು ಹೊರಡುತ್ತಾರೆ. ಸ್ಟ್ರೋಬ್ ಒಯ್ಯುವವರ ಕೆಲಸ ದೋಣಿ ಹತ್ತುವ ಮುಂಚೆಯೇ ಶುರು. ಕ್ಯಾಮೆರಾ ಪೆಟ್ಟಿಗೆಯ ರಬ್ಬರ್ ಉಂಗುರವನ್ನು ಬಿಚ್ಚಿ, ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ ಕೂರಿಸಬೇಕು. ಒಂದು ಕೂದಲು, ಒಂದು ಮರಳಿನ ಹರಳು ಸಿಕ್ಕಿಕೊಂಡರೂ ನೀರು ನುಗ್ಗಿ ಲಕ್ಷಾಂತರ ರೂಪಾಯಿಯ ಸಾಮಾನು ಹಾಳು. ಕೆಳಗೆ ಹೋದ ಮೇಲೆ ಎರಡೂ ಸ್ಟ್ರೋಬ್‌ಗಳನ್ನು ಕ್ಯಾಮೆರಾದಿಂದ ದೂರಕ್ಕೆ ಚಾಚಿ, ಮುಖವನ್ನು ತುಸು ಹೊರಕ್ಕೆ ತಿರುಗಿಸಬೇಕು. ಆಗ ಬೆಳಕಿನ ಅಂಚು ಮಾತ್ರ ಮೀನಿಗೆ ತಾಗುತ್ತದೆ, ಲೆನ್ಸಿನ ಮುಂದೆ ತೇಲುವ ಕಣಗಳು ಕತ್ತಲಲ್ಲೇ ಉಳಿಯುತ್ತವೆ. ಮೀನಿಗೆ ಒಂದು ಮೀಟರ್ ಒಳಗೆ ಹೋಗಲೇಬೇಕು. ದೀಪದಿಂದ ಮೀನಿಗೆ ಹೋಗಿ, ಮೀನಿನಿಂದ ಲೆನ್ಸಿಗೆ ಬರುವ ದಾರಿಯಲ್ಲೂ ನೀರು ಕೆಂಪನ್ನು ಹೀರುತ್ತಲೇ ಇರುತ್ತದೆ. ಹತ್ತಿರ ಹೋಗಬೇಕಾದರೆ ಮೀನು ನಿಮ್ಮನ್ನು ಒಪ್ಪುವವರೆಗೆ ಉಸಿರನ್ನು ಹದದಲ್ಲಿಟ್ಟು ಕಾಯಬೇಕು. ಸ್ಟ್ರೋಬ್ ಕಲಿಸಿದ ಈ ತಾಳ್ಮೆಯೇ ಈಗ ಕಾಣೆಯಾಗುತ್ತಿದೆ.

ಈಗಿನ ರೂಢಿ ಬೇರೆ. ಮೊಬೈಲನ್ನೋ ಪುಟ್ಟ ಆ್ಯಕ್ಷನ್ ಕ್ಯಾಮೆರಾವನ್ನೋ ಹಿಡಿದು ಇಳಿದು, ದೂರದಿಂದಲೇ ಒತ್ತಿ, ಮೇಲೆ ಬಂದು ಆ್ಯಪ್‌ನಲ್ಲಿ ಒಂದು ಬೆರಳು ತಾಗಿಸಿದರೆ ಬಂಡೆಗೆಲ್ಲ ಕೆಂಪು ಬಳಿದುಕೊಳ್ಳುತ್ತದೆ. ನೆನಪಿಗಾಗಿ ತೆಗೆದುಕೊಳ್ಳುವವರ ಮೇಲೆ ನನ್ನ ಆಕ್ಷೇಪವಿಲ್ಲ. ಆದರೆ ಸ್ವಲ್ಪ ಆಳಕ್ಕೆ ಹೋದ ಮೇಲೆ ಸೆನ್ಸರಿಗೆ ಬೀಳದೇ ಹೋದ ಕೆಂಪನ್ನು ಯಾವ ಆ್ಯಪ್ ಕೂಡ ವಾಪಸು ತರಲಾರದು, ಅದು ಊಹಿಸುತ್ತದೆ ಅಷ್ಟೆ. ಹವಳದ ವಿಷಯದಲ್ಲಿ ಆ ಊಹೆ ಅಪಾಯ. ಕಡಲು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಭಾರತದ ಹವಳ ದಿಬ್ಬಗಳು ಈ ಹೊಡೆತ ತಿಂದವು. ಬಿಳಿಚಿದ್ದು ಯಾವುದು, ಬಿಳಿಚುತ್ತಿರುವುದು ಯಾವುದು, ಚೇತರಿಸಿಕೊಂಡದ್ದು ಯಾವುದು ಎಂದು ಚಿತ್ರದಿಂದ ಹೇಳಬೇಕಾದರೆ ಬಣ್ಣ ನಿಜವಾಗಿರಬೇಕು. ಬಳಿದ ಕೆಂಪಿನ ಹಿಂದೆ ಸತ್ತ ಹವಳವೂ ಆರೋಗ್ಯವಂತನ ಹಾಗೆ ಕಾಣುತ್ತದೆ.

ಅದಕ್ಕೇ ಒಂದು ಕೋರಿಕೆ. ನೇತ್ರಾಣಿಯಲ್ಲೋ ಲಕ್ಷದ್ವೀಪದಲ್ಲೋ ಅಂಡಮಾನಿನಲ್ಲೋ ಫಿಲಂ ಕಾಲದಿಂದಲೂ ಸ್ಟ್ರೋಬ್ ಹಿಡಿದು ಇಳಿದ ಕನ್ನಡಿಗರು ನಿಮ್ಮಲ್ಲಿದ್ದರೆ, ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿರುವ ಸ್ಲೈಡುಗಳನ್ನು ಹೊರತೆಗೆಯಿರಿ. ಸ್ಕ್ಯಾನ್ ಮಾಡಿಸಿ. ತೆಗೆದ ದಿನ, ಜಾಗ, ಆಳ, ಬಳಸಿದ ದೀಪ ಇಷ್ಟನ್ನು ಪ್ರತಿಯೊಂದರ ಬೆನ್ನಿಗೂ ಬರೆದು ಹತ್ತಿರದ ಕಡಲಜೀವಿ ಅಧ್ಯಯನ ವಿಭಾಗಕ್ಕೆ ಒಂದು ಪ್ರತಿ ಕೊಡಿ. ಈಗ ಹೊಸದಾಗಿ ಇಳಿಯುವವರು ಸ್ಟ್ರೋಬ್ ಬಾಡಿಗೆಗೆ ಸಿಕ್ಕರೆ ಒಮ್ಮೆಯಾದರೂ ಹಿಡಿದು ಹೋಗಿ. ಆ್ಯಪ್ ತಿದ್ದಿದ ಚಿತ್ರದ ಜೊತೆಗೆ ತಿದ್ದದ ಮೂಲವನ್ನೂ ಅಳಿಸದೆ ಇಟ್ಟುಕೊಳ್ಳಿ.