ಸರಳ ವಿನ್ಯಾಸಕ್ಕೆ ಪೇಟೆಂಟ್ ಸಿಗದೇ?

ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕಲ್ಲದೆ, ಅದು ಹೇಗೆ ಕಾಣುತ್ತದೆ ಎಂಬುದಕ್ಕೂ ಅಮೆರಿಕದಲ್ಲಿ ಪೇಟೆಂಟ್ ಉಂಟು. ಅದನ್ನು ಡಿಸೈನ್ ಪೇಟೆಂಟ್ ಎನ್ನುತ್ತಾರೆ. 2015ರ ಮೇ 13ರಿಂದೀಚೆಗೆ ಸಲ್ಲಿಸಿದ ಅರ್ಜಿಗಳಲ್ಲಿ ಇದರ ಅವಧಿ ಮಂಜೂರಾದ ದಿನದಿಂದ 15 ವರ್ಷ. ರೂಪ ಹೊಸದಾಗಿದ್ದರೆ ಸಾಲದು. ಆ ಕಸುಬಿನವರಿಗೆ ಸುಲಭವಾಗಿ ಹೊಳೆಯುವಂಥದ್ದೂ ಅದಾಗಿರಬಾರದು. ತಪ್ಪು ಕಲ್ಪನೆಗಳು ಹುಟ್ಟಿಕೊಂಡಿರುವುದು ಹೆಚ್ಚಾಗಿ ಈ ಎರಡನೆಯ ಷರತ್ತಿನ ಸುತ್ತ.

ಸರಳವಾಗಿದ್ದರೆ ಯಾರಿಗಾದರೂ ಹೊಳೆಯುತ್ತದೆ, ಆದ್ದರಿಂದ ಪೇಟೆಂಟ್ ಸಿಗದು ಎಂಬ ನಂಬಿಕೆ ಎಲ್ಲಕ್ಕಿಂತ ವ್ಯಾಪಕ. ಇದು ಸರಿಯಲ್ಲ. ಆಪಲ್ ಕಂಪನಿಯ ಟ್ಯಾಬ್ಲೆಟ್ ವಿನ್ಯಾಸದಲ್ಲಿ ಇದ್ದದ್ದು ಮೂಲೆ ದುಂಡಗಾದ ಒಂದು ಆಯತ, ಅಂಚಿನಿಂದ ಅಂಚಿಗೆ ಹರಡಿದ ಗಾಜಿನಂಥ ಮುಖ, ಅಷ್ಟೇ. 1994ರ ಒಂದು ಟ್ಯಾಬ್ಲೆಟ್ ಮಾದರಿಯನ್ನು ಮುಂದಿಟ್ಟು ಸ್ಯಾಮ್‌ಸಂಗ್ ಈ ಪೇಟೆಂಟಿನ ಸಿಂಧುತ್ವವನ್ನು ಪ್ರಶ್ನಿಸಿತು. ಹಳೆಯ ಮಾದರಿಯ ಪರದೆಯ ಸುತ್ತ ಎದ್ದು ಕಾಣುವ ಚೌಕಟ್ಟಿತ್ತು, ಕೆಳಗಿನ ಅಂಚು ಉಳಿದವುಗಳಿಗಿಂತ ಅಗಲವಾಗಿತ್ತು. ಎರಡೂ ಕಣ್ಣಿಗೆ ಬೇರೆಬೇರೆಯಾಗಿಯೇ ಕಾಣುತ್ತವೆ ಎಂದು 2012ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಅನಗತ್ಯವಾದುದನ್ನೆಲ್ಲ ಬಿಟ್ಟುಬಿಡುವುದೂ ವಿನ್ಯಾಸಕಾರನ ಶ್ರಮವೇ. ಕೈಗೆ ಬಂದ ಮೇಲೆ ಸುಲಭವೆನಿಸುವ ವಸ್ತು, ಅದು ಇಲ್ಲದಿದ್ದ ಕಾಲದಲ್ಲಿಯೂ ಸುಲಭವಾಗಿ ಹೊಳೆಯುತ್ತಿತ್ತು ಎನ್ನುವುದು ಅನ್ಯಾಯ. ಕಾನೂನು ಕೂಡ ಹೀಗೆ ಹಿಂತಿರುಗಿ ನೋಡಿ ತೀರ್ಪು ಕೊಡುವುದನ್ನು ಒಪ್ಪುವುದಿಲ್ಲ.

ವಿನ್ಯಾಸ ಸುಲಭವಾಗಿ ಹೊಳೆಯುವಂಥದ್ದೇ ಎಂಬುದನ್ನು ತೀರ್ಮಾನಿಸುವುದು ಸಾಮಾನ್ಯ ಗ್ರಾಹಕನ ಕಣ್ಣು ಎಂಬುದು ಇನ್ನೊಂದು ಗೊಂದಲ. ಗ್ರಾಹಕನ ಕಣ್ಣು ಬೇಕಾಗುವುದು ನಕಲಿನ ಮೊಕದ್ದಮೆಯಲ್ಲಿ. ಚಮಚ ಮತ್ತು ಫೋರ್ಕುಗಳ ಹಿಡಿಯ ವಿನ್ಯಾಸದ ಬಗ್ಗೆ 1871ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಆಧಾರ. ಸುಲಭವಾಗಿ ಹೊಳೆಯುವಂಥದ್ದೇ ಎಂಬ ಪ್ರಶ್ನೆ ಬಂದಾಗ ಆ ಬಗೆಯ ವಸ್ತುಗಳನ್ನು ರೂಪಿಸುವ ಸಾಧಾರಣ ಪರಿಣತಿಯ ವಿನ್ಯಾಸಕಾರನ ದೃಷ್ಟಿಯೇ ಅಳತೆಗೋಲು.

ಬಿಡಿಭಾಗಗಳೆಲ್ಲ ಹಳೆಯವಾದರೆ ಒಟ್ಟು ರೂಪಕ್ಕೂ ರಕ್ಷಣೆಯಿಲ್ಲ ಎನ್ನುವವರು 1893ರ ಕುದುರೆ ಜೀನಿನ ತೀರ್ಪನ್ನು ಮುಂದಿಡುತ್ತಾರೆ. ಅಲ್ಲಿ ಒಂದು ಹಳೆಯ ಜೀನಿನ ಮುಂಭಾಗವನ್ನು ಇನ್ನೊಂದರ ಹಿಂಭಾಗಕ್ಕೆ ಕೂಡಿಸಲಾಗಿತ್ತು. ಅಷ್ಟನ್ನೇ ಮಾಡಿದ್ದರೆ ಅದು ಜೀನುಗಾರರು ದಿನನಿತ್ಯ ಮಾಡುವ ಕೆಲಸ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಮುಂದಿನ ಉಬ್ಬಿನ ಹಿಂಬದಿಯಲ್ಲಿ ಥಟ್ಟನೆ ಇಳಿಯುವ ತಗ್ಗು ಹೊಸದೆಂದು ಅದೇ ತೀರ್ಪು ಗುರುತಿಸಿತು. ಭಾಗಗಳು ಹಳೆಯವೇ ಎಂಬುದಕ್ಕಿಂತ, ಅವುಗಳನ್ನು ಹೀಗೆಯೇ ಕೂಡಿಸಲು ವಿನ್ಯಾಸಕಾರನಿಗೆ ಕಾರಣವಿತ್ತೇ ಎಂಬುದು ಮುಖ್ಯ.

ಹೆಚ್ಚುಕಡಿಮೆ ಪೇಟೆಂಟ್ ಪಡೆದ ವಿನ್ಯಾಸದಂತೆಯೇ ಇರುವ ಒಂದು ಹಳೆಯ ವಿನ್ಯಾಸ ಸಿಗದಿದ್ದರೆ ಪೇಟೆಂಟನ್ನು ಅಲುಗಾಡಿಸಲಾಗದು ಎಂಬ ಮಾತು 2024ರವರೆಗೆ ಸರಿಯಾಗಿತ್ತು. 1982ರಲ್ಲಿ ಒಂದು ಮೇಜಿನ ಪ್ರಕರಣ ಆ ನಿಯಮವನ್ನು ತಂದಿತ್ತು. ಷೆವರ್ಲೆ ಈಕ್ವಿನಾಕ್ಸ್ ಕಾರಿನ ಮುಂಚಕ್ರದ ಮೇಲಿನ ಫೆಂಡರಿಗೆ ಜನರಲ್ ಮೋಟಾರ್ಸ್ ಪಡೆದಿದ್ದ ಪೇಟೆಂಟನ್ನು ಬಿಡಿಭಾಗಗಳ ವ್ಯಾಪಾರಿ ಎಲ್‌ಕೆಕ್ಯು ಪ್ರಶ್ನಿಸಿದಾಗ, ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ 2024ರ ಮೇ ತಿಂಗಳಲ್ಲಿ ಆ ಬಿಗಿ ನಿಯಮವನ್ನು ತೆಗೆದುಹಾಕಿತು. ಈಗ ಯಂತ್ರಗಳ ಪೇಟೆಂಟಿಗೆ 1966ರಿಂದ ಇರುವ ಕ್ರಮವೇ ವಿನ್ಯಾಸಕ್ಕೂ: ಹಳೆಯ ವಿನ್ಯಾಸಗಳು ಯಾವುವು, ಅವುಗಳಿಗೂ ಇದಕ್ಕೂ ಇರುವ ವ್ಯತ್ಯಾಸವೇನು, ಸಾಧಾರಣ ವಿನ್ಯಾಸಕಾರನ ಪರಿಣತಿ ಎಷ್ಟು ಎಂದು ನೋಡಬೇಕು. ಹೋಲಿಕೆ ಶುರುಮಾಡಲು ಒಂದು ಮುಖ್ಯ ಹಳೆಯ ವಿನ್ಯಾಸ ಈಗಲೂ ಬೇಕು, ಅದು ತದ್ರೂಪಿಯಾಗಿರಬೇಕಿಲ್ಲ. ಈ ಬದಲಾವಣೆ ಒಳ್ಳೆಯದೇ. ಹಳೆಯ ನಿಯಮದಲ್ಲಿ ದುರ್ಬಲ ಪೇಟೆಂಟುಗಳೂ ಬದುಕಿಕೊಳ್ಳುತ್ತಿದ್ದವು. ಆದರೆ ಫೆಂಡರಿನ ಪೇಟೆಂಟ್ ರದ್ದಾಯಿತೆಂದು ತಿಳಿಯಬಾರದು. ಪೂರ್ಣಪೀಠ ಆ ಪ್ರಶ್ನೆಯನ್ನು ಹೊಸ ಅಳತೆಯಲ್ಲಿ ನೋಡುವಂತೆ ಪೇಟೆಂಟ್ ಮಂಡಳಿಗೆ ಹಿಂದಿರುಗಿಸಿತು.

ಚೆನ್ನಾಗಿ ಮಾರಾಟವಾದದ್ದೇ ಸ್ವಂತಿಕೆಗೆ ಸಾಕ್ಷಿ ಎಂಬುದೂ ಅರೆಸತ್ಯ. ಸೂಪ್ ಡಬ್ಬಿಗಳು ತಾವಾಗಿ ಮುಂದಕ್ಕೆ ಉರುಳಿಬರುವ ಅಂಗಡಿ ಚರಣಿಗೆಯೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ 2021ರಲ್ಲಿ ಮಾರಾಟದ ಯಶಸ್ಸನ್ನು ಒಪ್ಪಿಯೂ ವಿನ್ಯಾಸಕ್ಕೆ ಪೇಟೆಂಟ್ ಸಲ್ಲದೆಂದಿತು. ಆ ಯಶಸ್ಸು ಬಂದದ್ದು ಪೇಟೆಂಟಿನಲ್ಲಿ ಹೊಸದಾಗಿದ್ದ ರೂಪದಿಂದ ಎಂಬುದಕ್ಕೆ ಆಧಾರ ಇರಲಿಲ್ಲ.

ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ ವಸ್ತುವಿನ ರೂಪಕ್ಕೆ ಪೇಟೆಂಟ್ ಎಂಬುದೇ ಇಲ್ಲ. ಇಲ್ಲಿರುವುದು 2000ದ ವಿನ್ಯಾಸ ಕಾಯ್ದೆಯಡಿಯ ನೋಂದಣಿ. ಮೊದಲು 10 ವರ್ಷ, ಅರ್ಜಿ ಕೊಟ್ಟರೆ ಇನ್ನೂ 5 ವರ್ಷ. ತಿಳಿದಿರುವ ವಿನ್ಯಾಸಗಳಿಂದಲೂ ಅವುಗಳ ಜೋಡಣೆಯಿಂದಲೂ ಗಣನೀಯವಾಗಿ ಭಿನ್ನವಲ್ಲದ ವಿನ್ಯಾಸವನ್ನು ನೋಂದಾಯಿಸುವಂತಿಲ್ಲ ಎಂದು ಅದರ 4ನೇ ಕಲಂ ಹೇಳುತ್ತದೆ.