ಗಲ್ಲಾಪೆಟ್ಟಿಗೆಗೆ ಮೊದಲು ತಿಳಿಯುವ ಸುದ್ದಿ

ಊರಿಗೆ ಕಷ್ಟಕಾಲವು ಬಂದಿತೆಂಬುದನ್ನು ಸರಕಾರದ ವರದಿಗಳಿಗಿಂತ ಮೊದಲು ಹೋಟೆಲಿನ ಗಲ್ಲಾಪೆಟ್ಟಿಗೆಯು ತಿಳಿಸುತ್ತದೆ. ಗಲ್ಲಾದ ಹಿಂದೆ ಕುಳಿತು ವರುಷಗಳನ್ನು ಕಳೆದವನಾದುದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಗಿರಾಕಿಯು ಬರುವುದನ್ನು ಒಮ್ಮೆಲೇ ನಿಲ್ಲಿಸುವುದಿಲ್ಲ. ಮೊದಲು ಮಸಾಲೆ ದೋಸೆಯು ಸಾದಾ ದೋಸೆಯಾಗುತ್ತದೆ. ಬಳಿಕ ಇಡ್ಲಿಯ ಜೊತೆಯ ವಡೆಯು ಮಾಯವಾಗುತ್ತದೆ. ಅನಂತರ ಇಬ್ಬರು ಮಿತ್ರರು ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿಸಿಕೊಳ್ಳುತ್ತಾರೆ. ಬಿಲ್ಲಿನ ತಟ್ಟೆಯಲ್ಲಿ ಮಾಣಿಗೆಂದು ಉಳಿಯುತ್ತಿದ್ದ ಚಿಲ್ಲರೆಯಂತೂ ಇವೆಲ್ಲಕ್ಕಿಂತ ಮೊದಲೇ ನಿಂತುಹೋಗಿರುತ್ತದೆ. ಅದು ಲೆಕ್ಕದ ಪುಸ್ತಕಕ್ಕೆ ಬಾರದುದರಿಂದ ಯಜಮಾನನಿಗೆ ತಿಳಿಯುವುದಿಲ್ಲ, ಮಾಣಿಗೆ ತಿಳಿಯುತ್ತದೆ.

ನಾನು ಇದನ್ನು ಕಂಡುದು ಶಂಶಾಬಾದಿನಲ್ಲಿ. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿನ ಆ ಊರಿನಲ್ಲಿ 5,000 ಎಕರೆಗೂ ಮಿಕ್ಕಿದ ಭೂಮಿಯ ಮೇಲೆ ಹೊಸ ವಿಮಾನ ನಿಲ್ದಾಣವು ಎದ್ದಿತು. 2008ರ ಮಾರ್ಚಿ 23ರಂದು ಅಲ್ಲಿ ವಿಮಾನಗಳ ಸಂಚಾರವು ಆರಂಭವಾಗಿ, ಬೇಗಂಪೇಟೆಯ ಹಳೆಯ ನಿಲ್ದಾಣವು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿಹೋಯಿತು. ಅದಕ್ಕೂ ಮೊದಲೇ ಹೆದ್ದಾರಿಯ ಎರಡೂ ಬದಿಗಳಲ್ಲಿ ನಿವೇಶನಗಳ ಫಲಕಗಳು ಜೋಳದ ತೆನೆಗಳಂತೆ ನಿಂತಿದ್ದವು. ನನ್ನ ಸಣ್ಣ ಹೋಟೆಲಿನಲ್ಲಿ ಆಗ ಹನ್ನೊಂದು ಮಂದಿ ಕೆಲಸಗಾರರು. ಕೆಲವರು ಕುಂದಾಪುರದ ಕಡೆಯವರು, ಉಳಿದವರು ಬೀದರಿನವರು. ಭೂಮಿಯ ದಲ್ಲಾಳಿಗಳು, ಟ್ಯಾಕ್ಸಿ ಚಾಲಕರು, ಕಟ್ಟಡದ ಮೇಸ್ತ್ರಿಗಳು ನಮ್ಮ ನಿತ್ಯದ ಗಿರಾಕಿಗಳಾಗಿದ್ದರು. ದಲ್ಲಾಳಿಗಳು ಬಂದರೆ ನಾಲ್ಕು ಮಂದಿಗೆ ತಿಂಡಿ ತರಿಸಿ ಒಬ್ಬನೇ ಹಣ ಕೊಡುವ ಸಂಭ್ರಮ.

ಭಾನುವಾರಗಳಂದು ಕಾಚಿಗುಡದಿಂದ ಕನ್ನಡ ಗುಮಾಸ್ತರೊಬ್ಬರು ಪತ್ನಿಯೊಡನೆ ಬರುತ್ತಿದ್ದರು. ಸಮೀಪದಲ್ಲಿ 150 ಚದರ ಗಜದ ನಿವೇಶನವೊಂದಕ್ಕೆ ಕಂತು ಕಟ್ಟುತ್ತಿದ್ದರು. ಬರಿಯ ಮಣ್ಣನ್ನು ನೋಡಿಕೊಂಡು ಹೋಗುವುದಕ್ಕಾಗಿ ಎರಡು ಬಸ್ಸು ಬದಲಿಸಿ ಬಂದು, ನಮ್ಮಲ್ಲಿ ಮಸಾಲೆ ದೋಸೆ ತಿಂದು, ಅಡಿಗೆಮನೆಯನ್ನು ಯಾವ ದಿಕ್ಕಿಗೆ ಕಟ್ಟಿಸಬೇಕೆಂದು ಚರ್ಚಿಸಿ ಮರಳುತ್ತಿದ್ದರು.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ಸಂಸ್ಥೆಯು ದಿವಾಳಿಯಾದ ಸುದ್ದಿಯನ್ನು ನಾವು ದೂರದ ಗುಡುಗಿನಂತೆ ಕೇಳಿದೆವು. 2009ರ ಜನವರಿ 7ರಂದು ಸಿಡಿಲು ನಮ್ಮ ಊರಿಗೇ ಬಡಿಯಿತು. ಸತ್ಯಂ ಕಂಪ್ಯೂಟರ್ಸಿನ ಅಧ್ಯಕ್ಷರಾದ ರಾಮಲಿಂಗರಾಜುರವರು, ಕಂಪೆನಿಯ ಲೆಕ್ಕಪತ್ರಗಳಲ್ಲಿ ತೋರಿಸಿದ್ದ ಸಾವಿರಾರು ಕೋಟಿ ರೂಪಾಯಿಗಳು ಇಲ್ಲವೇ ಇಲ್ಲವೆಂದು ಬರೆದು ಒಪ್ಪಿಕೊಂಡರು. ಷೇರಿನ ಬೆಲೆಯು ಅದೊಂದೇ ದಿನದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಕುಸಿಯಿತು. ಆ ಕುಟುಂಬದವರದೇ ಆಗಿದ್ದ, ಸತ್ಯಂ ಎಂಬುದನ್ನು ಹಿಂದುಮುಂದಾಗಿ ಓದಿದಂತೆ ಹೆಸರಿಟ್ಟಿದ್ದ ಮೇಟಾಸ್ ಕಂಪೆನಿಗಳು ಕಟ್ಟಡ ಮತ್ತು ಭೂಮಿಯ ವ್ಯವಹಾರಕ್ಕೆ ಸೇರಿದವುಗಳಾದುದರಿಂದ, ಹೈದರಾಬಾದಿನಲ್ಲಿ ಭೂಮಿಯ ಮೇಲಿದ್ದ ನಂಬಿಕೆಗೂ ಪೆಟ್ಟು ಬಿದ್ದಿತು.

ವಾಚಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನನ್ನ ಗಿರಾಕಿಗಳಲ್ಲಿ ಸತ್ಯಂ ನೌಕರರು ಒಬ್ಬರೋ ಇಬ್ಬರೋ. ಆ ವಾರ ಉಳಿದ ಯಾರ ಸಂಬಳವೂ ಒಂದು ರೂಪಾಯಿಯಷ್ಟೂ ಇಳಿದಿರಲಿಲ್ಲ. ಕಾಚಿಗುಡದ ಗುಮಾಸ್ತರಿಗೆ ಸರಕಾರದ ಕೆಲಸ. ಅವರಿಗೆ ತಿಂಗಳ ಮೊದಲ ದಿನವೇ ಸಂಬಳ ಬರುತ್ತಿತ್ತು. ಆದರೂ ಅವರು ಮೂರು ಭಾನುವಾರ ಬರಲಿಲ್ಲ. ನಾಲ್ಕನೆಯ ಭಾನುವಾರ ಒಬ್ಬರೇ ಬಂದು ಒಂದು ಕಾಫಿ ಮಾತ್ರ ಕುಡಿದು ಹೊರಟರು. ನಿವೇಶನವು ಇದ್ದಲ್ಲಿಯೇ ಇತ್ತು, ಆದರೆ ಅದರ ಬೆಲೆ ಏನೆಂದು ಹೇಳಬಲ್ಲವರು ಇರಲಿಲ್ಲ. ಜೇಬಿನಲ್ಲಿರುವ ಹಣಕ್ಕಿಂತ ನಾಳೆ ಬಂದೀತೆಂಬ ಹಣವನ್ನು ನೆಚ್ಚಿಕೊಂಡೇ ಮನುಷ್ಯನು ಖರ್ಚು ಮಾಡುತ್ತಾನೆಂಬುದು ನನಗೆ ಅಂದು ಮನದಟ್ಟಾಯಿತು.

ಫೆಬ್ರವರಿಯ ಕೊನೆಗೆ ನನ್ನ ವ್ಯಾಪಾರವು ಸುಮಾರು ಆರರಲ್ಲಿ ಒಂದು ಪಾಲು ಇಳಿದಿತ್ತು. ನಾನು ಮಾಡಿದುದೇನು? ಹನ್ನೊಂದು ಮಂದಿಯಲ್ಲಿ ಮೂವರನ್ನು ಊರಿಗೆ ಕಳುಹಿಸಿದೆನು. ನಷ್ಟವು ಆರರಲ್ಲಿ ಒಂದಾದರೆ ಕಡಿತವು ನಾಲ್ಕರಲ್ಲಿ ಒಂದಕ್ಕೂ ಹೆಚ್ಚು! ಮಿಕ್ಕ ಲೆಕ್ಕವೆಲ್ಲವೂ ನನ್ನ ಭಯದ್ದೇ. ಪಕ್ಕದ ಹೋಟೆಲಿನವರೂ ಹಾಗೆಯೇ ಮಾಡಿದರು. ನಮ್ಮ ಹುಡುಗರಿಂದಲೇ ನಡೆಯುತ್ತಿದ್ದ ಕ್ಷೌರದಂಗಡಿಯವನೂ ದರ್ಜಿಯೂ ತಿಂಗಳೊಳಗಾಗಿ ನಮ್ಮಲ್ಲಿಗೆ ಕಾಫಿಗೆ ಬರುವುದನ್ನು ಬಿಟ್ಟರು. ಎಲ್ಲರೂ ಒಮ್ಮೆಗೇ ಕೈ ಬಿಗಿಹಿಡಿದರೆ ಎಲ್ಲರೂ ಬಡವರಾಗುತ್ತಾರೆಂದು ಇಂಗ್ಲೆಂಡಿನ ಕೇನ್ಸ್ ಎಂಬ ಪಂಡಿತರು 1936ರಲ್ಲಿಯೇ ವಿವರಿಸಿದ್ದರಂತೆ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನನಗೆ ಅದನ್ನು ಕಲಿಸಿದವನು ಕ್ಷೌರಿಕನು. ಅತ್ತ ಮೇಜು ಒರೆಸುವವರಿಲ್ಲದೆ, ಇದ್ದ ಗಿರಾಕಿಗಳೂ ಬೇಸತ್ತು ಹೋದರು.

ಆ ವರ್ಷ ಮಳೆಯೂ ಕೈಕೊಟ್ಟಿತು. ದೇಶದಲ್ಲಿ ಮುಂಗಾರು ಶೇಕಡಾ 22ರಷ್ಟು ಕಡಿಮೆಯಾಗಿ, 1972ರ ಬಳಿಕ ಕಾಣದ ಬರವು ಬಂದಿತು. ಡಿಸೆಂಬರಿನ ಹೊತ್ತಿಗೆ ಆಹಾರ ಪದಾರ್ಥಗಳ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 20ರಷ್ಟು ಏರಿದ್ದವು. ಗಿರಾಕಿ ಕಡಿಮೆ, ತೊಗರಿಬೇಳೆ ದುಬಾರಿ. ಇಡ್ಲಿಯ ದರವನ್ನು ಏರಿಸಲು ಧೈರ್ಯವಿಲ್ಲದೆ ಸಾಂಬಾರನ್ನು ತೆಳುವಾಗಿಸಿದೆನು. ಯಾರೂ ಬಾಯಿಬಿಟ್ಟು ದೂರಲಿಲ್ಲ. ದೂರಿದ್ದರೆ ಲೇಸಾಗುತ್ತಿತ್ತು.

ಇದರ ಮೇಲೆ ತೆಲಂಗಾಣ ಚಳವಳಿಯ ಬಂದುಗಳು. 2009ರ ನವೆಂಬರ್ 29ರಂದು ಕೆ. ಚಂದ್ರಶೇಖರರಾಯರ ಉಪವಾಸದಿಂದ ಮೊದಲ್ಗೊಂಡು, 2011ರ ಸೆಪ್ಟೆಂಬರ್ 13ರಿಂದ 42 ದಿನ ನಡೆದ ಸಕಲ ಜನರ ಮುಷ್ಕರದವರೆಗೆ, ಬಾಗಿಲು ಹಾಕಿದ ದಿನಗಳು ಹಲವು. ರಾಜ್ಯದ ಬೇಡಿಕೆಯು ಅಲ್ಲಿಯ ಜನರದು. 2014ರ ಜೂನ್ 2ರಂದು ಅದು ಕೈಗೂಡಿತು. ಭಾಷೆಯ ಆಧಾರದ ಮೇಲೆ 1956ರಲ್ಲಿ ಹೈದರಾಬಾದು ಸಂಸ್ಥಾನದಿಂದ ಬೇರೆಯಾದ ಬೀದರ, ಗುಲ್ಬರ್ಗ, ರಾಯಚೂರುಗಳ ನಾವು ಅದನ್ನು ಆಕ್ಷೇಪಿಸಲಾಗದು. ಆದರೆ ಮುಷ್ಕರದಲ್ಲಿ ಬಸ್ಸು ನಿಂತಾಗ, ಸಿಂಗರೇಣಿಯ ಕಲ್ಲಿದ್ದಲಿಲ್ಲದೆ ವಿದ್ಯುತ್ತು ಕಡಿತವಾದಾಗ, ದಿನಗೂಲಿಯ ಕ್ಲೀನರ್ ಹುಡುಗನ ತಟ್ಟೆಯೇ ಮೊದಲು ಬರಿದಾಯಿತು.

ಜನರ ವಿಶ್ವಾಸವನ್ನು ಅಳೆಯುವ ಸಮೀಕ್ಷೆಯೊಂದನ್ನು ರಿಜರ್ವ್ ಬ್ಯಾಂಕು 2010ರಿಂದ ನಡೆಸುತ್ತಿದೆ. ಹೈದರಾಬಾದು ಮೊದಲಿನಿಂದಲೂ ಅದರಲ್ಲಿದೆ. ಉದ್ಯೋಗ, ಬೆಲೆ, ಆದಾಯ, ಖರ್ಚುಗಳನ್ನು ಕುರಿತು ಮನೆಮನೆಗಳಲ್ಲಿ ಪ್ರಶ್ನಿಸುತ್ತಾರೆ. ಸೂಚ್ಯಂಕವು 100ಕ್ಕಿಂತ ಮೇಲಿದ್ದರೆ ಭರವಸೆ, ಕೆಳಗಿದ್ದರೆ ನಿರಾಶೆ. ಕೊರೋನ ಪಿಡುಗಿನ ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ದೇಶದ ಸದ್ಯಸ್ಥಿತಿಯ ಸೂಚ್ಯಂಕವು 48.5ಕ್ಕೆ ಇಳಿದಿತ್ತು. ಉಪಯುಕ್ತವಾದ ಲೆಕ್ಕವೇ ಸರಿ. ಆದರೆ ಹೋಟೆಲಿನ ಅಟ್ಟದ ಮೇಲೆ ಚಾಪೆ ಹಾಸಿ ಮಲಗುವವನಿಗೆ ತಟ್ಟಲು ಬಾಗಿಲೆಲ್ಲಿದೆ?

2020ರ ಮಾರ್ಚಿ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳು ನಿಂತಾಗ ಶಂಶಾಬಾದಿನ ಹೆದ್ದಾರಿಯು ನಿರ್ಜನವಾಯಿತು. ಅಷ್ಟರಲ್ಲಿ ನಾನು ಹೋಟೆಲನ್ನು ಪಾಲುದಾರರಿಗೆ ಒಪ್ಪಿಸಿ ಪತ್ರಿಕೆಯ ಕೆಲಸಕ್ಕೆ ಬಂದಿದ್ದೆನು. ಎಷ್ಟು ಮಂದಿಯನ್ನು ಬಿಡಬೇಕೆಂದು ಅವರು ಫೋನಿನಲ್ಲಿ ಕೇಳಿದರು. ನಾನು 2009ರ ದಿನವಹಿಯನ್ನು ತೆಗೆದು ಫೆಬ್ರವರಿಯಿಂದ ಜೂನಿನವರೆಗೆ ಓದಿ ಹೇಳಿದೆನು. ಅವರು ಯಾರನ್ನೂ ಬಿಡಲಿಲ್ಲ. ಊಟ, ವಸತಿ, ಅರ್ಧ ಸಂಬಳ ಕೊಟ್ಟರು. ಅದಕ್ಕಾಗಿ ಮಾಡಿದ ಸಾಲವನ್ನು ತೀರಿಸಲು ಅವರಿಗೆ ಮೂರು ವರುಷ ಹಿಡಿಯಿತೆಂಬುದನ್ನೂ ಮುಚ್ಚಿಡಲಾರೆ.

ಆ ದಿನವಹಿಯನ್ನು ಓದುವಾಗ ಇನ್ನೊಂದು ಬರಹವು ಕಣ್ಣಿಗೆ ಬಿದ್ದಿತು. 2009ರಲ್ಲಿ ಕಳುಹಿಸಿದ ಮೂವರಲ್ಲಿ ಇಬ್ಬರ ಲೆಕ್ಕವು ತೀರಿದೆ. ಕುಂದಾಪುರದ ಕಡೆಯ ಮೂರನೆಯವನ ಹೆಸರಿನ ಮುಂದೆ ಹನ್ನೊಂದು ದಿನದ ಸಂಬಳವು ಬಾಕಿಯೆಂದಿದೆ. ರಾತ್ರಿಯ ಬಸ್ಸು ಹಿಡಿಯುವ ಆತುರದಲ್ಲಿ ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ಈ ಲೇಖನವು ಅವನ ಅಥವಾ ಅವನನ್ನು ಬಲ್ಲವರ ಕಣ್ಣಿಗೆ ಬಿದ್ದರೆ, ದಯಮಾಡಿ ಪತ್ರಿಕೆಯ ಕಚೇರಿಗೆ ತಿಳಿಸಬೇಕು. ಹಣವನ್ನು ತೆಗೆದಿರಿಸಿದೆ.