ಗಾಜಿನ ಮೇಲಿನ ಶಂಕರಣ್ಣ!

ನವನಗರದಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಗಾಜಿನ ಮೇಲೆ ಯಾರು? ಶಂಕರ್‌ನಾಗ್! ಓಡಿಸುವ ಹುಡುಗನಿಗೆ ಇಪ್ಪತ್ತೆರಡು ದಾಟಿಲ್ಲ. ಶಂಕರ್ ದಾವಣಗೆರೆ ಹತ್ತಿರ ಅಪಘಾತದಲ್ಲಿ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಆಗ ಇವನು ಹುಟ್ಟೇ ಇರಲಿಲ್ಲ!

"ಥೇಟರಿನ್ಯಾಗ ನೋಡಿಲ್ರೀ. ಆದ್ರ ಈ ಫೋಟೋ ಇದ್ರ ನಾ ಯಾರಂತ ಮಂದಿಗೆ ತಿಳೀತೈತಿ" ಎಂದ.

ಯಾರು? ಯಾವ ಊರಿನವನು, ಯಾವ ಜಾತಿಯವನು ಎಂದೇ? ಅಲ್ಲ ಸ್ವಾಮಿ! 1980ರಲ್ಲಿ ‘ಆಟೋ ರಾಜ’ ಬಂತು. ಖಾಕಿ ತೊಟ್ಟವನೇ ಹೀರೋ ಆದ. ‘ಏ ಆಟೋ’ ಎಂದು ಕೂಗಿಸಿಕೊಳ್ಳುತ್ತಿದ್ದವರಿಗೆ ಒಂದು ಮುಖ ಸಿಕ್ಕಿತು.

ಆ ಮುಖವಾದರೂ ಸುಮ್ಮನೆ ಆದದ್ದಲ್ಲ. ಹೊನ್ನಾವರ ಕಡೆಯ ಕೊಂಕಣಿ ಮನೆಮಾತಿನ ಹುಡುಗ, ಮುಂಬಯಿಯಲ್ಲಿ ಮರಾಠಿ ನಾಟಕ ಆಡಿದವನು. 1978ರ ‘ಒಂದಾನೊಂದು ಕಾಲದಲ್ಲಿ’ಯಿಂದ ಕನ್ನಡಿಗರ ಮನೆಮಗನಾದ. ಹುಟ್ಟು ಕೊಟ್ಟದ್ದು ಒಂದು ಪಾಲು, ತಾನೇ ಕಟ್ಟಿಕೊಂಡದ್ದು ಇನ್ನೊಂದು ಪಾಲು.

ಪಿಯುಸಿ ಅರ್ಧಕ್ಕೆ ಬಿಟ್ಟಾಗ ‘ಏನು ಮಾಡ್ಕೊಂಡಿದ್ದೀಯಪ್ಪಾ?’ ಎಂದವರಿಗೆ ನಾನೂ ‘ಶಂಕರಣ್ಣನ ಅಭಿಮಾನಿ’ ಎಂದೇ ಹೇಳುತ್ತಿದ್ದೆ. ಬೇರೆ ಉತ್ತರ ಇರಲಿಲ್ಲ. ಆದರೆ ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ, ಮರ್ಯಾದೆ ಸಿಗುವುದೇ?

ಇಳಿಯುವಾಗ ಐವತ್ತು ಕೊಟ್ಟೆ. ಹತ್ತು ವಾಪಸ್ ಬಂತು. "ಇಟ್ಕೋಪ್ಪಾ" ಎಂದೆ.

ಹುಡುಗ ಗಾಜಿನ ಕಡೆ ಕೈ ಮಾಡಿ ನಕ್ಕ: "ಬ್ಯಾಡ್ರೀ... ಅಣ್ಣ ನೋಡಾಕತ್ತಾನ!"

ಗೆಳೆಯರೇ, ಉತ್ತರ ಸಿಕ್ಕಿತಲ್ಲ!